ನೀರಗಂಟಿ ಇಲ್ಲದ ತೂಬು

ಮಲ್ಲೇಶ ಹೋದನೆಂಬುದು ಮನೆಗೆ ತಿಳಿದ ಬೆಳಿಗ್ಗೆ ಹಾಲಸ್ವಾಮಿಯವರು ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಪೂಜೆಗೆ ಕುಳಿತಿದ್ದರು.

ಪೂಜೆಯ ನಡುವೆ ಯಾರು ಕರೆದರೂ ಅವರು ಏಳುವವರಲ್ಲ. ಪೊಲೀಸ್ ಇನ್ಸ್‌ಪೆಕ್ಟರಾಗಿದ್ದ ಕಾಲದಲ್ಲಿ ಮೇಲಧಿಕಾರಿಗಳೇ ಅವರ ಪೂಜೆ ಮುಗಿಯಲೆಂದು ಜಗಲಿಯ ಮೇಲೆ ಕಾದದ್ದುಂಟು. ಆದರೆ ಅಂದು ಬೀದಿಬಾಗಿಲಲ್ಲಿ ಕೇಳಿದ ದನಿ ಬೇರೆಯೇ ಆಗಿತ್ತು.

"ಸಾಹೇಬ್ರೇ! ಬನ್ನಿ ಬ್ಯಾಗ! ಮಲ್ಲೇಶ ಏಳ್ತಿಲ್ಲ ಸಾಹೇಬ್ರೇ!"

ಕೂಗಿದವನು ಗಯಾಜ್. ತಿಪಟೂರಿನಲ್ಲಿ ಮೋಟಾರು, ಕಾಯಿ ಸುಲಿಯುವ ಯಂತ್ರ ರಿಪೇರಿ ಮಾಡುವವನು, ಮಲ್ಲೇಶನ ಜೀವದ ಗೆಳೆಯ. ತೋಟದ ಮೋಟಾರು ಕೆಟ್ಟಿದೆಯೆಂದು ಬೆಳಗಾಗುತ್ತಲೇ ಸಂಪಿಗೆ ದಾರಿಯ ತೋಟಕ್ಕೆ ಹೋಗಿದ್ದ. ಬಾಗಿಲು ಬಡಿದು, ಕೂಗಿ, ಕೊನೆಗೆ ಕೊಬ್ಬರಿ ಅಟ್ಟದ ಏಣಿ ಹತ್ತಿ ನೋಡಿ, ಹಾಗೆಯೇ ಬೈಕ್ ತಿರುಗಿಸಿಕೊಂಡು ಬಂದಿದ್ದ.

ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟರು. ವಿಭೂತಿ ಮೆತ್ತಿದ ಕೈಯಲ್ಲೇ ಬೈಕಿನ ಹಿಂದೆ ಕುಳಿತರು.

ಮಲ್ಲೇಶ ಅವರ ತಮ್ಮನ ಮಗ. ತಮ್ಮ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದ ಕೂಸು. ಈಗ ಆ ಕೂಸು ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ, ಚಾಪೆಯ ಮೇಲೆ, ಅಂಗಿಯ ಗುಂಡಿ ಕಿತ್ತುಕೊಂಡು ಬಿದ್ದಿತ್ತು. ತುಟಿ ಊದಿತ್ತು. ಮುಖ ಊದಿ ಕಣ್ಣು ಗೆರೆಯಾಗಿದ್ದವು. ಕುತ್ತಿಗೆಯ ಮೇಲೆ ಬೆರಳಿನ ಗುರುತಿಲ್ಲ, ಹಗ್ಗದ ಗುರುತಿಲ್ಲ. ಬಾಯಿಂದ ನೊರೆ ಬಂದಿರಲಿಲ್ಲ. ಪಕ್ಕದಲ್ಲಿ ಅರ್ಧ ಕುಡಿದಿಟ್ಟ ರಾಗಿ ಅಂಬಲಿಯ ಚೊಂಬು. ಹಿಂದಿನ ದಿನ ಮಧ್ಯಾಹ್ನ ತಿಪಟೂರಿನಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದ. ಅಗಿಯಲಾಗದೆಂದು ಹೆಂಡತಿ ಸುಷ್ಮಿತಾ ಅಂಬಲಿ ಮಾಡಿ ಕಳಿಸಿದ್ದಳು.

ಎಷ್ಟೋ ಹೆಣಗಳನ್ನು ಕಂಡಿದ್ದ ಹಾಲಸ್ವಾಮಿಯವರಿಗೆ ಆ ಮುಖವನ್ನು ನೋಡುತ್ತ ಒಂದೂ ಹೊಳೆಯಲಿಲ್ಲ. ಕಣ್ಣಿಗೆ ಕಂಡದ್ದನ್ನು ಮನಸ್ಸು ತೆಗೆದುಕೊಳ್ಳಲೇ ಇಲ್ಲ.

ಅಷ್ಟರಲ್ಲಿ ಆಟೋದಲ್ಲಿ ಬಂದಿಳಿದ ಮಲ್ಲೇಶನ ತಾಯಿ ಶಾಂತಕುಮಾರಿ ಮಗನ ಮುಖ ನೋಡಿದಳು, ಚೊಂಬು ನೋಡಿದಳು. ಸೊಸೆಯ ಕಡೆ ತಿರುಗಿ ಅವಳು ಕೂಗಿದ್ದು ತೋಟದ ಆಚೆಯ ದಾರಿಗೂ ಕೇಳಿತು.

"ಮದ್ದಿಕ್ಕವ್ಳೆ! ನನ್ನ ಮಗಂಗೆ ಅಂಬ್ಲಿ ಒಳಗೆ ಮದ್ದಿಕ್ಕವ್ಳೆ ಈ ಮಾರಿ!"

ಅದೇ ಆಟೋದಲ್ಲಿ ಬಂದ ಸುಷ್ಮಿತಾ ಏಣಿಯ ಕೆಳಗೆ ಮಗಳು ಇಂಪನಾಳ ಕೈ ಹಿಡಿದು ನಿಂತಿದ್ದಳು. ಅಳಲೂ ಇಲ್ಲ, ಇಲ್ಲವೆನ್ನಲೂ ಇಲ್ಲ.

ಊರಿಗೆ ಅಷ್ಟೇ ಸಾಕಾಯಿತು.

*

ಸಮಾಧಿಯ ಹಾಲುತುಪ್ಪ ಮುಗಿದು, ಕೊನೆಯ ದಿನದ ಗಣಾರಾಧನೆಯ ಊಟಕ್ಕೆ ಅಕ್ಕಿ ಬೇಳೆ ತರಿಸುವ ಹೊತ್ತಿಗೆ ಸಬ್ ಇನ್ಸ್‌ಪೆಕ್ಟರ್ ತಿಮ್ಮಯ್ಯ ಮನೆಗೆ ಬಂದು ಚಪ್ಪಲಿ ಬಿಟ್ಟು ನಿಂತ. ಹಿಂದೆ ಹಾಲಸ್ವಾಮಿಯವರ ಕೈಕೆಳಗೆ ಪೇದೆಯಾಗಿದ್ದವನು.

"ಸಾರ್, ಆರಾಧನೆ ಮುಗಿಯೋಗಂಟ ಕಾಯ್ತೀನಿ. ಅದರಿಂದಾಚೆಗೆ ನನ್ನ ಕೈಲಿಲ್ಲ. ದೂರು ಕೊಟ್ಟಿರೋದು ಹೆತ್ತ ತಾಯಿ. ಸುಷ್ಮಿತಾನ ಕರ್ಕೊಂಡು ಹೋಗ್ಲೇಬೇಕಾಗ್ತದೆ."

"ನಾಳೆಯೇ ಆರಾಧನೆ ಕಣಯ್ಯ."

"ಅದಕ್ಕೇ ಇವತ್ತೇ ಹೇಳ್ತಿರೋದು ಸಾರ್."

ಅವನು ಹೋದ ಮೇಲೆ ಸುಷ್ಮಿತಾ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ಅಮ್ಮಸಂದ್ರದ ಹುಡುಗಿ, ಮಿತಮಾತಿನವಳು.

"ದೊಡ್ಡ ಮಾವ, ನಾನು ಅಂಬ್ಲಿಗೆ ಉಪ್ಪು, ಮಜ್ಜಿಗೆ ಬಿಟ್ಟು ಏನೂ ಹಾಕ್ಲಿಲ್ಲ. ನನ್ನ ಕರ್ಕೊಂಡು ಹೋದ್ರೆ ಇಂಪನಾ ಯಾರ ಹತ್ರ ಮಲಗ್ತಾಳೆ?"

"ನಿನ್ನ ಕೈಯಿಂದ ಆಗಿಲ್ಲ ಅಂತ ನಾನು ತೋರಿಸ್ತೀನಿ ತಾಯಿ. ಶಿವನ ಮೇಲೆ ಭಾರ ಹಾಕಿ ಹೇಳ್ತಿದೀನಿ," ಎಂದರು ಹಾಲಸ್ವಾಮಿಯವರು.

ಹೇಳಿದ ಮೇಲೆ, ಹೇಗೆ ತೋರಿಸುವುದೆಂದು ಅವರಿಗೇ ತಿಳಿಯಲಿಲ್ಲ.

*

ತಿಪಟೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸುಮೇರಾ ಹಾಲಸ್ವಾಮಿಯವರಿಗಾಗಿಯೇ ಕಾಯುತ್ತಿದ್ದಳು. ಟೈಲರ್ ಜುಬೇರ್ ಸಾಬರ ಮಗಳು. ಹಾಲಸ್ವಾಮಿಯವರ ಖಾಕಿ ಬಟ್ಟೆಯನ್ನೆಲ್ಲ ಹೊಲಿದುಕೊಟ್ಟವರು ಅದೇ ಜುಬೇರ್. ಮಲ್ಲೇಶನ ಶವಪರೀಕ್ಷೆಯ ಹೊತ್ತಿನಲ್ಲಿ ಹಿರಿಯ ವೈದ್ಯರ ಜೊತೆ ನಿಂತಿದ್ದವಳು ಇವಳು. ಅಂದೇ ಒಂದು ಪ್ರಶ್ನೆ ಕೇಳಿದ್ದಳು: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಊದುತ್ತದೆಯೇ? ಶಾಲೆಯ ಬಾಗಿಲಿಗೆ ಬೆರಳು ಸಿಕ್ಕಿದಾಗ ಇಂಪನಾಳ ಕೈ ಮೊಣಕೈವರೆಗೂ ಊದಿದ್ದು ಹಾಲಸ್ವಾಮಿಯವರಿಗೆ ನೆನಪಾಗಿತ್ತು. ಸುಮೇರಾ ಮಗುವಿನ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದ್ದಳು.

"ಕೂತ್ಕೊಳ್ಳಿ ಅಂಕಲ್. ಅಂಬಲಿಯಲ್ಲಿ ವಿಷ ಇತ್ತೋ ಇಲ್ವೋ ಪ್ರಯೋಗಾಲಯದವರು ಹೇಳ್ಬೇಕು, ಅದಕ್ಕಿನ್ನೂ ದಿನ ಇದೆ. ಆದ್ರೆ ಮಲ್ಲೇಶಣ್ಣನ ಜೀವ ತೆಗೆದದ್ದು ಗಂಟಲಿನ ಊತ. ಉಸಿರಿನ ದಾರಿ ಪೂರ್ತಿ ಮುಚ್ಚಿಹೋಗಿತ್ತು."

"ಜೇನು ಗೀನು ಕಚ್ಚಿತ್ತೇನಮ್ಮ?"

"ಕಚ್ಚಿದ ಗುರುತಿಲ್ಲ. ಮೈಮೇಲೆ ಒಂದು ದದ್ದಿಲ್ಲ, ಕೆರೆದುಕೊಂಡ ಗೀರಿಲ್ಲ. ಅಲರ್ಜಿ ಆಗಿದ್ರೆ ನವೆ ಇರ್ಬೇಕಿತ್ತು. ಕರುಳಿನ ಒಳಪದರ ಕೂಡ ಊದಿತ್ತು. ಅಲ್ಲೇ ನನಗೆ ಅನುಮಾನ ಬಂದದ್ದು." ಅವಳು ಮೇಜಿನ ಮೇಲಿನ ಕಾಗದ ಎತ್ತಿಕೊಂಡಳು. "ಇಂಪನಾ ರಕ್ತದ ಉತ್ತರ ಬಂದಿದೆ."

ಹಾಲಸ್ವಾಮಿಯವರ ಕೈ ತಾನಾಗಿಯೇ ಎದೆಯ ಕರಡಿಗೆಯ ಮೇಲೆ ಹೋಯಿತು.

"ನಮ್ಮ ರಕ್ತದಲ್ಲಿ ಒಂದು ಪ್ರೋಟೀನ್ ಓಡಾಡ್ತಿರುತ್ತೆ ಅಂಕಲ್. ಸಿ-ಒನ್ ಇನ್ಹಿಬಿಟರ್ ಅಂತಾರೆ. ಅದರ ಕೆಲಸ ತಡೆಯೋದು, ಅಷ್ಟೇ. ಮೈಗೆ ಪೆಟ್ಟು ಬಿತ್ತು, ಹಲ್ಲು ಕಿತ್ರು, ರೋಗಾಣು ಹೊಕ್ತು ಅನ್ನಿ. ರಕ್ತದಲ್ಲಿರೋ ಕಾವಲು ಪಡೆ ಏಳುತ್ತೆ. ರಕ್ತನಾಳದ ಗೋಡೆ ಸಡಿಲ ಮಾಡೋ ಒಂದು ರಸ ಹುಟ್ಟುತ್ತೆ. ನೀರು ಹೊರಗೆ ಬಂದು ಆ ಜಾಗ ಊದುತ್ತೆ. ಅಷ್ಟು ಊತ ಬೇಕಾದದ್ದೇ. ಆದ್ರೆ ಇಷ್ಟು ಸಾಕು ಅಂತ ಹೇಳೋರು ಒಬ್ಬರು ಬೇಕಲ್ಲ?"

"ನಮ್ಮ ಕೆರೆಗೆ ನೀರಗಂಟಿ ಇದ್ದ ಹಾಗೆ," ಎಂದರು ಹಾಲಸ್ವಾಮಿಯವರು ತಮಗೆ ತಾವೇ ಎಂಬಂತೆ.

"ಅಂದ್ರೆ?"

"ತೂಬು ಎತ್ತೋನು, ಇಳಿಸೋನು ಅವನೇ ಕಣಮ್ಮ. ಯಾವ ಗದ್ದೆಗೆ ಎಷ್ಟು ನೀರು ಅಂತ ಅವನಿಗೇ ಗೊತ್ತು. ಅವನಿಲ್ದಿದ್ರೆ ನೀರು ಬರಲ್ಲ ಅಂತಲ್ಲ. ಬಂದದ್ದು ನಿಲ್ಲಲ್ಲ."

ಸುಮೇರಾ ಮೆಲ್ಲಗೆ ತಲೆಯಾಡಿಸಿದಳು. "ಸರಿಯಾಗಿ ಹೇಳಿದ್ರಿ. ಇಂಪನಾ ರಕ್ತದಲ್ಲಿ ಆ ನೀರಗಂಟಿ ತೀರಾ ಕಮ್ಮಿ. ಇದು ಹುಟ್ಟಿನಿಂದ ಬರೋದು. ಅಪ್ಪನಿಗೋ ಅಮ್ಮನಿಗೋ ಇದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಮಲ್ಲೇಶಣ್ಣನಿಗೆ ಇತ್ತು ಅಂತ ನನ್ನ ನಂಬಿಕೆ. ಆಗಾಗ ಹೊಟ್ಟೆ ನೋವು ಬರ್ತಿತ್ತಾ?"

"ಬರ್ತಿತ್ತಾ ಅಂತ ಕೇಳ್ತೀಯಾ? ನೆಲ ಹಿಡಿದು ಉರುಳಾಡ್ತಿದ್ದ."

"ಎರಡು ಮೂರು ದಿನ ನರಳಿ, ಆಮೇಲೆ ತಾನಾಗಿಯೇ ಇಳೀತಿತ್ತಾ?"

ಕೆಂಕೆರೆ ಕಡೆಯ ಚಿಕ್ಕಹನುಮಯ್ಯ ಹಾಲಸ್ವಾಮಿಯವರ ಕಣ್ಣಮುಂದೆ ಬಂದಿದ್ದ. ಹೊಟ್ಟೆಗೆ ಯಾರೋ ಹಾಕಿದ ಮದ್ದನ್ನು ತೆಗೆಯುವುದರಲ್ಲಿ ಹೆಸರಾದವನು. ಹೊಟ್ಟೆನೋವು ಬಂದಾಗಲೆಲ್ಲ ಶಾಂತಕುಮಾರಿ ಮಗನನ್ನು ಅವನಲ್ಲಿಗೆ ಕರೆದೊಯ್ಯುತ್ತಿದ್ದಳು. ಅವನು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಿದ್ದ, ಇಗೋ ಮದ್ದು ಬಿತ್ತು ಎನ್ನುತ್ತಿದ್ದ. ಮೂರನೆಯ ದಿನ ಮಲ್ಲೇಶ ಎದ್ದು ಮುದ್ದೆ ಉಣ್ಣುತ್ತಿದ್ದ. ತಾನಾಗಿ ಇಳಿಯುವ ನೋವನ್ನು ಚಿಕ್ಕಹನುಮಯ್ಯ ಇಳಿಸಿದನೆಂದು ಮನೆಯವರೆಲ್ಲ ನಂಬಿದ್ದರು. ತೆಗೆದವನೊಬ್ಬನಿದ್ದ ಮೇಲೆ ಇಕ್ಕಿದವರೂ ಒಬ್ಬರು ಇರಲೇಬೇಕಲ್ಲ! ಮದುವೆಯಾಗಿ ಬಂದ ಸುಷ್ಮಿತಾ ಆ ಜಾಗಕ್ಕೆ ಒದಗಿದ್ದಳು.

"ಮಗು?" ಎಂದರು ಕಡೆಗೆ.

"ಉಳಿಸ್ಕೋಬಹುದು ಅಂಕಲ್. ಇದಕ್ಕೆ ಔಷಧಿ ಇದೆ. ಮನೇಲಿ ಎಲ್ಲರಿಗೂ ಗೊತ್ತಿರ್ಬೇಕು, ಅಷ್ಟೇ. ಗಂಟಲು ಊದಿದ್ರೆ ಅಲರ್ಜಿ ಸೂಜಿ ನಂಬ್ಕೊಂಡು ಕೂರೋ ಹಾಗಿಲ್ಲ, ಮದ್ದು ತೆಗೆಯೋನ ಹತ್ರ ಹೋಗೋ ಹಾಗಿಲ್ಲ. ದೊಡ್ಡ ಆಸ್ಪತ್ರೆಗೆ ಓಡ್ಬೇಕು."

ಎದ್ದು ನಿಂತವರನ್ನು ಅವಳು ಮತ್ತೆ ತಡೆದಳು.

"ಇನ್ನೊಂದು ಮಾತು. ಬರೀ ಹಲ್ಲು ಕಿತ್ತದ್ದರಿಂದಲೇ ಹೀಗಾಗಿರಬಹುದು. ಆದ್ರೂ ಕೇಳ್ತೀನಿ, ಮಲ್ಲೇಶಣ್ಣ ಬಿ.ಪಿ. ಮಾತ್ರೆ ತಗೋತಿದ್ರಾ?"

"ಅವನಿಗೆಲ್ಲಿಯ ಬಿ.ಪಿ.! ಇರೋದು ನನಗೆ."

"ಎನಾಲಪ್ರಿಲ್ ಅಂತ ಒಂದಿದೆ. ಅದೇ ಜಾತಿಯವು ಇನ್ನೂ ಕೆಲವಿವೆ. ಊತ ತರೋ ಆ ರಸ ಬೇಗ ಕರಗದ ಹಾಗೆ ಮಾಡ್ತವೆ. ಬೇರೆಯವರಿಗೆ ಒಳ್ಳೇ ಔಷಧಿ. ಇಂಥವರಿಗೆ ಮಾತ್ರ ಕೊಡಲೇಬಾರದು. ಅದನ್ನ ನುಂಗ್ತಾ ಇದ್ದು, ಮೇಲೆ ಹಲ್ಲೂ ಕಿತ್ರೆ..." ಅವಳು ಬರೆದುಕೊಳ್ಳಲು ಪೆನ್ನು ಎತ್ತಿಕೊಂಡಳು. "ನೀವು ಯಾವುದು ತಗೋತೀರಿ?"

"ಹೆಸರು ಯಾರಿಗೆ ನೆನಪಿರುತ್ತಮ್ಮ? ಬೆಳಿಗ್ಗೆ ಪೂಜೆ ಆದ ಮೇಲೆ ಒಂದು, ಬಿಳಿ ಮಾತ್ರೆ."

*

ಗಯಾಜ್ ಬೈಕಿನಲ್ಲಿ ಅವರನ್ನು ನೇರವಾಗಿ ತೋಟಕ್ಕೆ ಕರೆತಂದ. ದಾರಿಯುದ್ದಕ್ಕೂ ಅವನೇ ಮಾತಾಡಿದ.

"ಮೂವತ್ತಡಿ ಮರ ಹತ್ತೋನು ಸಾಹೇಬ್ರೇ, ಹಲ್ಲು ಕೀಳೋ ಇಕ್ಕಳ ನೋಡಿ ನನ್ನ ಕೈ ಬುಡ್ಲಿಲ್ಲ. ಲೇ ಗಯಾಜಾ, ನನ್ನ ಹಲ್ಲಿನ ಬದ್ಲು ನಿಂದೇ ಕೀಳ್ಸು, ನಿಂಗೆ ಬಾಯಿ ಜಾಸ್ತಿ ಅಂದ. ಡಾಕ್ಟ್ರೂ ನಕ್ಬುಟ್ರು." ಹೇಳುತ್ತ ಹೇಳುತ್ತ ಅವನು ಬೈಕಿನ ವೇಗ ಇಳಿಸಿದ. "ನಾನೇ ಎಳ್ಕೊಂಡೋಗಿದ್ದು. ಅಲ್ಲಾನೇ ನನ್ನ ಮಾಫ್ ಮಾಡ್ಬೇಕು."

"ನಿಂದೇನಿಲ್ಲ ಕಣೋ. ಸುಮ್ನಿರು."

ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿದ ಕಾಯಿಗಳು ಹಾಗೆಯೇ ಇದ್ದವು. ಕಾಲು ತಾಗಿದರೆ ಸಾಕು, ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಟಗಟ ಸದ್ದು ಮಾಡುತ್ತಿದ್ದವು. ಸುಲಿಸಿ ಮಾರಬೇಕಾದವನೇ ಇಲ್ಲ.

ತೊಲೆಗೆ ಒಂದು ದೊಡ್ಡ ಕರಟ ತೂಗುಹಾಕಿತ್ತು. ಮಲ್ಲೇಶ ಬೆಂಕಿಪೊಟ್ಟಣ, ಬಾಚಣಿಗೆ ಇಟ್ಟುಕೊಳ್ಳುತ್ತಿದ್ದದ್ದು ಅದರಲ್ಲಿ. ಪೊಲೀಸರು ಚೊಂಬು, ಚಾಪೆ ಕೊಂಡೊಯ್ದಿದ್ದರೇ ಹೊರತು ತಲೆಯ ಮೇಲಿನ ಕರಟವನ್ನು ಯಾರೂ ನೋಡಿರಲಿಲ್ಲ. ಹಾಲಸ್ವಾಮಿಯವರು ಕೈ ಹಾಕಿದರು. ಬೆಂಕಿಪೊಟ್ಟಣದ ಕೆಳಗೆ ಮಾತ್ರೆಯ ಖಾಲಿ ಹಾಳೆಗಳು ಮಡಚಿಕೊಂಡಿದ್ದವು. ಒಂದಲ್ಲ, ಹಲವು.

ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಎನಾಲಪ್ರಿಲ್.

"ಇವು ಯಾವುವು ಗೊತ್ತೇನೋ ಗಯಾಜ್?"

"ತಲೆನೋವಿನ ಮಾತ್ರೆ ಸಾಹೇಬ್ರೇ. ಒಂದು ತಿಂಗಳಿಂದ ದಿನಾ ನುಂಗ್ತಿದ್ದ. ಎಲ್ಲಿಂದ ತಂದ್ಯಲಾ ಅಂದ್ರೆ, ಮನೆಯಿಂದ ಬಂದಿದ್ದು ಅಂದ. ಯಾರು ಕೊಟ್ರು ಅಂತ ನಾನೂ ಕೇಳ್ಲಿಲ್ಲ." ಗಯಾಜ್ ಅವರ ಮುಖ ನೋಡಿ ತಡವರಿಸಿದ. "ಯಾಕೆ ಸಾಹೇಬ್ರೇ? ಹೋದ ವರ್ಷ ಬೆಂಗ್ಳೂರಲ್ಲೂ ತೋರ್ಸಿದ್ವಲ್ಲ, ಹೊಟ್ಟೆನೋವಿಗೆ. ನಾನೇ ಜೊತೇಲಿದ್ದೆ. ರಕ್ತ ತಗೊಂಡ್ರು, ಹದಿನೈದು ದಿನ ಬುಟ್ಟು ಬನ್ನಿ ಅಂದ್ರು. ಅಟ್ಟ ತುಂಬೋ ಕಾಲ, ಇವನು ಹೋಗ್ಲಿಲ್ಲ. ಆಮೇಲೆ ಕೇಳಿದ್ರೆ, ಏನೂ ಇಲ್ವಂತೆ ಬುಡು ಅಂದ."

"ಯಾರಂದ್ರಂತೆ ಏನೂ ಇಲ್ಲ ಅಂತ?"

"ಅದು ಗೊತ್ತಿಲ್ಲ ಸಾಹೇಬ್ರೇ."

ಹಾಲಸ್ವಾಮಿಯವರು ಅಲ್ಲಿಂದಲೇ ಸುಮೇರಾಗೆ ಫೋನ್ ಮಾಡಿ ಆ ಆಸ್ಪತ್ರೆಯ ವಿಷಯ ತಿಳಿಸಿದರು. ಫೋನ್ ಜೇಬಿಗಿಡುವಾಗ ತಮ್ಮ ಬೆರಳುಗಳನ್ನು ನೋಡಿಕೊಂಡರು. ಮಾತ್ರೆ ಹಾಳೆಯ ಮಡಿಕೆಯೊಳಗಿಂದ ಬಿಳಿಯ ಪುಡಿ ಅಂಟಿತ್ತು. ಮೂಗಿನ ಬಳಿ ಹಿಡಿದರು. ವಿಭೂತಿ.

ಮೊದಲ ದಿನ ವಿಭೂತಿಯ ಕೈಯಲ್ಲೇ ಇಲ್ಲಿಗೆ ಬಂದವರು ತಾವು. ತಮ್ಮದೇ ಇರಬಹುದೇ? ಆದರೆ ಆ ದಿನ ಈ ಕರಟವನ್ನು ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲವೇ? ನೆನಪು ಒಂದು ಸಲ ಹೌದೆಂದಿತು, ಒಂದು ಸಲ ಇಲ್ಲವೆಂದಿತು.

*

ಅವರ ಮಾತ್ರೆ ಇರುತ್ತಿದ್ದದ್ದು ದೇವರ ಕೋಣೆಯ ಗೂಡಿನಲ್ಲಿ, ವಿಭೂತಿ ತಟ್ಟೆಯ ಹಿಂದೆ ಒಂದು ತಗಡಿನ ಡಬ್ಬದಲ್ಲಿ. ಪೂಜೆ ಮುಗಿಸಿ ಏಳುವಾಗ ಮರೆಯದಿರಲೆಂದು ಅವರೇ ಮಾಡಿಕೊಂಡ ಏರ್ಪಾಡು. ಔಷಧಿ ಅಂಗಡಿಯವನು ಹಲವು ಹಾಳೆ ಒಟ್ಟಿಗೇ ಕಟ್ಟಿ ಕೊಡುತ್ತಿದ್ದ. ಮೇಲಿನದು ಮುಗಿದರೆ ಕೆಳಗಿನದು. ಎಣಿಸುವ ಗೋಜಿಗೆ ಅವರು ಹೋದವರೇ ಅಲ್ಲ.

ಡಬ್ಬ ತೆರೆದರು. ಮೇಲಿನ ಹಾಳೆಯ ಕೆಳಗೆ ಇರಬೇಕಾದ ಕಟ್ಟು ಇರಲಿಲ್ಲ. ಅದರ ಜಾಗದಲ್ಲಿ, ಡಬ್ಬ ಹಗುರವೆನಿಸದಿರಲೆಂದು, ಯಾರೋ ಹಳೆಯ ಕ್ಯಾಲೆಂಡರಿನ ಕಾಗದ ಮಡಚಿ ತುಂಬಿದ್ದರು.

ಜೇಬಿನ ಹಾಳೆಗೂ ಡಬ್ಬದ ಹಾಳೆಗೂ ಹೆಸರು ಒಂದೇ, ಬಣ್ಣ ಒಂದೇ.

ಆ ಕೋಣೆಗೆ ಸ್ನಾನ ಮಾಡದೆ ಯಾರೂ ಕಾಲಿಡುವಂತಿಲ್ಲ. ಬೆಳಿಗ್ಗೆ ಪೂಜೆಯ ಪಾತ್ರೆ ಬೆಳಗಿ ಪತ್ರೆ ಹೂವು ಇಡುವವಳು ಸುಷ್ಮಿತಾ. ಸಂಜೆ ದೀಪ ಹಚ್ಚುವವಳು ಶಾಂತಕುಮಾರಿ. ಮಲ್ಲೇಶ? ಅವನು ಆ ಹೊಸ್ತಿಲಲ್ಲಿ ನಿಂತೇ ಕೈಮುಗಿದು ಓಡುವ ಸೋಮಾರಿ.

ಹೊರಗೆ ನಡುಮನೆಯಲ್ಲಿ ಮಲ್ಲೇಶನ ಭಾವಚಿತ್ರಕ್ಕೆ ಹೊಸ ಹಾರ ಹಾಕಿತ್ತು. ಶಾಂತಕುಮಾರಿ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು. ಸುಷ್ಮಿತಾ ಮಲಗಿದ ಮಗುವಿನ ತಲೆ ಸವರುತ್ತಿದ್ದಳು. ಹಾಲಸ್ವಾಮಿಯವರು ಇಬ್ಬರ ನಡುವೆ ನೆಲದ ಮೇಲೆಯೇ ಕುಳಿತರು.

"ಶಾಂತಮ್ಮ, ನಿನ್ನ ಎಡಗಾಲಿನ ಚಪ್ಪಲಿ ಪಟ್ಟಿ ಯಾಕೆ ಕುಯ್ದಿದೀಯ?"

ಅವಳು ತಲೆಯೆತ್ತಿದಳು. "ಇದೇನು ಭಾವನೋರೇ, ಈವತ್ತು ಚಪ್ಲಿ ಮಾತು?"

"ಹೇಳಮ್ಮ."

"ಕಾಲು ಊದ್ತದೆ. ನಂಜು. ಕುಂಬಳಕಾಯಿ ತಿಂದ್ರೆ, ಬದ್ನೆಕಾಯಿ ತಿಂದ್ರೆ ಏರ್ತದೆ. ಚಿಕ್ಕಂದಿನಿಂದ ಐತೆ. ಎರಡು ದಿನಕ್ಕೆ ಇಳೀತದೆ. ನಮ್ಮವ್ವಂಗೂ ಇತ್ತು."

"ನಿಮ್ಮವ್ವ ಹೆಂಗೆ ಹೋದ್ರು?"

"ಬಾಣಂತಿ ನಂಜು. ಗಂಟ್ಲು ಕಟ್ಟಿ..." ಅವಳು ಚಾಚಿದ ಕಾಲನ್ನು ಎಳೆದುಕೊಂಡಳು.

ಹಾಲಸ್ವಾಮಿಯವರು ಸುಮೇರಾ ಹೇಳಿದ್ದನ್ನೆಲ್ಲ ಹೇಳಿದರು. ನೀರಗಂಟಿಯ ಹೋಲಿಕೆಯನ್ನೇ ಹೇಳಿದರು. ಮಗುವಿನ ರಕ್ತದಲ್ಲಿ ಕಂಡದ್ದನ್ನು ಹೇಳುವಾಗ ಸುಷ್ಮಿತಾಳ ಕೈ ಮಗುವಿನ ತಲೆಯ ಮೇಲೆ ನಿಂತುಹೋಯಿತು. ಶಾಂತಕುಮಾರಿ ಮಾತ್ರ ಕೇಳುತ್ತ ಕೇಳುತ್ತ ಬಿಗಿಯಾದಳು.

"ಅಂದ್ರೆ? ನನ್ನ ಮಗನ್ನ ನಾನೇ ಕೊಂದೆ ಅಂತೀರಾ? ನನ್ನ ರಕ್ತವೇ ವಿಷ ಅಂತೀರಾ?"

"ಯಾರೂ ಹಂಗನ್ನಲ್ಲ ತಾಯಿ. ಹುಟ್ಟಿನ ಗುಣ ಅದು. ನೀನು ಬೇಕು ಅಂತ ಕೊಟ್ಟಿದ್ದಲ್ಲ."

"ಪೊಲೀಸ್ ಬುದ್ಧೀನ ಮನೆ ಒಳಕ್ಕೂ ತಂದ್ರಲ್ಲ ಭಾವ! ಸೊಸೆ ಪರ ವಕಾಲತ್ತು ಹಾಕ್ಕಂಡು, ಹೆತ್ತೋಳ ಕಟಕಟೆಗೆ ನಿಲ್ಲಿಸ್ತೀರಾ? ಯಾರು ಚಿಕ್ಕಹನುಮಯ್ಯನ ಹತ್ರ ಹೋಗ್ಬೇಡ ಅಂತ ನನ್ನ ಮಗನ್ನ ತಡೆದೋರು? ಇವ್ಳು! ಮದ್ದು ಇಕ್ದೋರೇ ಅಲ್ವಾ ತೆಗೆಸ್ಬೇಡ ಅನ್ನೋದು?"

ಸುಷ್ಮಿತಾ ಮೊದಲ ಬಾರಿಗೆ ದನಿಯೆತ್ತಿದಳು. "ವಾಂತಿ ಮಾಡ್ಸಿ ಮಾಡ್ಸಿ ಅವ್ರು ಕಡ್ಡಿ ಆಗಿದ್ರು ಅತ್ತೆ! ಆಸ್ಪತ್ರೆಗೆ ಹೋಗಿ ಅಂದೆ. ಅದು ತಪ್ಪಾ?"

"ಆಸ್ಪತ್ರೆಗೆ ಹೋಗಿ ಏನ್ ಕಡಿದು ಗುಡ್ಡೆ ಹಾಕ್ದ? ಏನೂ ಇಲ್ಲ ಅಂದ್ರು!"

"ಯಾರು ಅಂದ್ರು?" ಎಂದು ಕೇಳಿದರು ಹಾಲಸ್ವಾಮಿಯವರು.

ಅತ್ತೆ ಸೊಸೆ ಇಬ್ಬರೂ ಅವರ ಕಡೆ ತಿರುಗಿದರು.

"ಮಲ್ಲೇಶನೇ ಅಂದ," ಎಂದಳು ಶಾಂತಕುಮಾರಿ.

"ಅವರೇ ಹೇಳಿದ್ರು," ಎಂದಳು ಸುಷ್ಮಿತಾ.

ಹಾಲಸ್ವಾಮಿಯವರು ಜೇಬಿನಿಂದ ಖಾಲಿ ಹಾಳೆಗಳನ್ನು ತೆಗೆದು ನೆಲದ ಮೇಲಿಟ್ಟರು. "ಇದು ನನ್ನ ಮಾತ್ರೆ. ನನ್ನ ಡಬ್ಬದಿಂದ ಹೋಗಿರೋದು. ತಲೆನೋವಿಗೆ ಅಂತ ಮಲ್ಲೇಶನಿಗೆ ಯಾರು ಕೊಟ್ರಿ?"

ಅವರಿಗೆ ಬೇಕಾಗಿದ್ದದ್ದು ಸಣ್ಣದೊಂದು ಉತ್ತರ. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗದ ಮನೆ ಈ ಸೀಮೆಯಲ್ಲಿ ಯಾವುದಿದೆ? ನಿಮಗೆ ಹಿಡಿಸಿದ್ದು ಅವನಿಗೂ ಹಿಡಿಸೀತು ಅಂತ ಕೊಟ್ಟೆ ಭಾವ, ಎಂದು ಅವಳು ಅಂದಿದ್ದರೆ ಸಾಕಿತ್ತು. ತಿಳಿಯದೆ ಕೊಟ್ಟೆ ದೊಡ್ಡ ಮಾವ, ಎಂದು ಇವಳು ಅಂದಿದ್ದರೂ ಸಾಕಿತ್ತು. ಅದು ತಪ್ಪಷ್ಟೇ ಆಗುತ್ತಿತ್ತು. ಅಳಬಹುದಾಗಿತ್ತು.

"ನಾನಲ್ಲ," ಎಂದಳು ಶಾಂತಕುಮಾರಿ.

"ನಾನು ಈ ಮಾತ್ರೆ ನೋಡೇ ಇಲ್ಲ," ಎಂದಳು ಸುಷ್ಮಿತಾ.

ಡಬ್ಬದಲ್ಲಿ ತುಂಬಿದ್ದ ಕ್ಯಾಲೆಂಡರಿನ ಕಾಗದ ಹಾಲಸ್ವಾಮಿಯವರ ಕಣ್ಣಿಗೆ ಕಟ್ಟಿತು. ತಿಳಿಯದೆ ಕೊಡುವವರು ಡಬ್ಬಕ್ಕೆ ಕಾಗದ ತುಂಬುವುದಿಲ್ಲ.

ಆಗ ಫೋನ್ ಬಡಿದುಕೊಂಡಿತು. ಸುಮೇರಾ. ಹಾಲಸ್ವಾಮಿಯವರು ಎದ್ದು ಅಂಗಳಕ್ಕೆ ಬಂದರು.

"ಅಂಕಲ್, ಬೆಂಗಳೂರಿನ ಡಾಕ್ಟರ ಹತ್ರ ಮಾತಾಡಿದೆ. ಮಲ್ಲೇಶಣ್ಣನ ರಕ್ತದಲ್ಲಿ ಹೋದ ವರ್ಷವೇ ಇದು ಗೊತ್ತಾಗಿತ್ತು. ಅವರಿಗೆ ಸಿ-ಒನ್ ಕಮ್ಮಿ ಅಂತ."

"ಗೊತ್ತಾಗಿತ್ತಾ? ಮತ್ತೆ ಇವನು ಏನೂ ಇಲ್ಲ ಅಂದನಲ್ಲಮ್ಮ?"

"ಅವರಿಗೆ ಹಾಗೇ ಹೇಳಿರಬೇಕು ಅಂಕಲ್. ಉತ್ತರ ಕೇಳೋಕೆ ಅವರು ಹೋಗ್ಲಿಲ್ಲ. ಒಬ್ಬ ಹೆಂಗಸು ಹೋಗಿದ್ರಂತೆ. ನಾನು ಮನೆಯವಳು ಅಂದ್ರಂತೆ. ಮುಖಕ್ಕೆ ಮಾಸ್ಕ್, ತಲೆ ಮೇಲೆ ಸೆರಗು. ವಯಸ್ಸು ಎಷ್ಟು ಅಂತ ಅವರಿಗೂ ನೆನಪಿಲ್ಲ. ಡಾಕ್ಟರು ಕೂರಿಸಿ ಎಲ್ಲ ತಿಳಿಸಿ ಹೇಳಿದ್ದಾರೆ. ಹಲ್ಲು ಕೀಳಿಸೋ ಮುಂಚೆ ಹೇಳಬೇಕು ಅಂತ, ಇಂಥ ಮಾತ್ರೆ ಕೊಡಬಾರದು ಅಂತ." ಸುಮೇರಾ ಉಸಿರೆಳೆದುಕೊಂಡದ್ದು ಕೇಳಿಸಿತು. "ಆಕೆ ಕೇಳಿದ ಒಂದು ಪ್ರಶ್ನೆ ಮಾತ್ರ ಡಾಕ್ಟರಿಗೆ ಚೆನ್ನಾಗಿ ನೆನಪಿದೆ."

"ಏನಂತೆ?"

"ಆ ಬಿ.ಪಿ. ಮಾತ್ರೆ ಹೆಸರು ಇನ್ನೊಂದ್ಸಲ ಹೇಳಿ, ಅಂದ್ರಂತೆ."

ಅಂಗಳದ ಬಿಲ್ವದ ಮರವನ್ನು ಹಿಡಿದುಕೊಂಡು ಹಾಲಸ್ವಾಮಿಯವರು ಎಷ್ಟು ಹೊತ್ತು ನಿಂತರೋ. ಆ ಪ್ರ‍ಶ್ನೆಯನ್ನು ಮಗನನ್ನು ಕಾಯಬೇಕೆಂದಿದ್ದ ತಾಯಿಯೂ ಕೇಳಬಹುದು. ಗಂಡನನ್ನು ಉಳಿಸಿಕೊಳ್ಳಬೇಕೆಂದಿದ್ದ ಹೆಂಡತಿಯೂ ಕೇಳಬಹುದು. ಹಾಗೆ ಕೇಳಿದವಳು ಮನೆಗೆ ಬಂದು ಏನೂ ಇಲ್ಲವೆಂದು ಏಕೆ ಹೇಳಿದಳು? ಸುಷ್ಮಿತಾಳ ಕೈಯಿಂದ ಆಗಿಲ್ಲವೆಂದು ಬೆಳಿಗ್ಗೆ ಶಿವನ ಹೆಸರಿನಲ್ಲಿ ಮಾತು ಕೊಟ್ಟವರು ತಾವು. ನಾಳೆ ತಿಮ್ಮಯ್ಯ ಬಂದರೆ ಏನು ಹೇಳುವುದು? ಮದ್ದಿಲ್ಲ ಎಂದು ತೋರಿಸಲು ಹೊರಟು, ಮದ್ದನ್ನು ತಮ್ಮ ದೇವರ ಗೂಡಿನಲ್ಲೇ ಕಂಡಿದ್ದರು. ಇನ್ನು ಆ ಮಗುವನ್ನು, ತಂದೆಯ ರೋಗವನ್ನೇ ಹೊತ್ತ ಆ ಮಗುವನ್ನು, ಈ ಮನೆಯಲ್ಲಿ ಯಾರ ಮಡಿಲಲ್ಲಿ ಮಲಗಿಸುವುದು?

ಒಳಗೆ ಬಂದಾಗ ಸಂಜೆಯ ದೀಪ ಹಚ್ಚಿತ್ತು. ನೆಲದ ಮೇಲಿಟ್ಟಿದ್ದ ಮಾತ್ರೆ ಹಾಳೆಗಳು ಅಲ್ಲಿರಲಿಲ್ಲ.

ಯಾರನ್ನೂ ಕೇಳಲಿಲ್ಲ. ಭಾವಚಿತ್ರದ ಮುಂದೆ ಮಂಡಿಯೂರಿದರು. ಮಲಗಿದ್ದ ಇಂಪನಾಳನ್ನು ಎತ್ತಿ ತಮ್ಮ ತೊಡೆಯ ಮೇಲೆ ಹಾಕಿಕೊಂಡರು. ಎಡಗಡೆ ಶಾಂತಕುಮಾರಿ, ಬಲಗಡೆ ಸುಷ್ಮಿತಾ ಬಂದು ಕೈಮುಗಿದು ನಿಂತರು.

"ಶಿವನೇ," ಎಂದರು ಹಾಲಸ್ವಾಮಿಯವರು. "ಉಸಿರಿಗೆ ಒದ್ದಾಡಿ ಬಂದಿದಾನೆ ನನ್ನ ಕಂದ. ಯಾರನ್ನ ನಂಬಿ ನುಂಗಿದನೋ ಅವರ ಲೆಕ್ಕ ನೀನು ನೋಡ್ಕೋ. ಅವನಿಗೆ ಮಾತ್ರ ಆ ಸಂಕಟ ಮರೆಸಿಬಿಡು ತಂದೆ. ನಿನ್ನ ಪಾದದ ಹತ್ರ ತಂಪಾಗಿ ಮಲಗಿಸ್ಕೋ. ಅವನ ಆತ್ಮಕ್ಕೆ ಶಾಂತಿ ಕೊಡು."

"ಶಾಂತಿ ಕೊಡು ತಂದೆ," ಎಂದವು ಎಡಬಲದ ಎರಡು ದನಿಗಳು, ಒಟ್ಟಿಗೇ.